ಕಾಡಿಗೆ ಪೊರಕೆ ಹಿಡಿದ ತಟ್ಟಕ್ಕ

ತಟ್ಟಕ್ಕನಿಗೆ ಬೆಳಿಗ್ಗೆ ಎದ್ದ ಕೂಡಲೇ ಸಿಟ್ಟು ಬರುತ್ತಿರಲಿಲ್ಲ. ಹಲ್ಲುಜ್ಜಿ ಮುಗಿಸುವಷ್ಟು ಹೊತ್ತು ಬೇಕಾಗುತ್ತಿತ್ತು. ಆಮೇಲೆ ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ ನಲ್ಲಿಯ ಮೇಲೆ, ಜೋರಾಗಿ ಬಂದರೆ ‘ನಿನ್ನೆ ಎಲ್ಲಿ ಹಾಳಾಗಿ ಹೋಗಿದ್ದೆ’ ಎಂದು ಅದೇ ನಲ್ಲಿಯ ಮೇಲೆ, ಗಂಡ ಮಾತಾಡಿದರೆ ಮಾತಾಡಿದ್ದಕ್ಕೆ, ಸುಮ್ಮನಿದ್ದರೆ ಕಲ್ಲುಗುಂಡಿನ ಹಾಗೆ ಕೂತದ್ದಕ್ಕೆ. ಲಾರಿ ಮೆಕ್ಯಾನಿಕ್ಕಾದ ಗಂಡ ಮೂವತ್ತು ವರ್ಷ ಈ ಸಿಟ್ಟಿನ ಜೊತೆ ಸಂಸಾರ ಮಾಡಿ, ಎಂಜಿನ್ನಿನ ಶಬ್ದ ಕೇಳಿದಂತೆ ಅದನ್ನು ಕೇಳುತ್ತಿದ್ದ. ಒಂದೇ ಸಮ ಗುರುಗುಟ್ಟುತ್ತಿದ್ದರೆ ಗಾಡಿ ಸರಿಯಾಗಿದೆ. ನಿಂತರೆ ಮಾತ್ರ ಎಲ್ಲೋ ಏನೋ ಮುರಿದಿದೆ.

ಅವಳ ಕೆಲಸ ಮರ ತಟ್ಟುವುದು. ಊರು ಮುಗಿಯುವಲ್ಲಿ ಶುರುವಾಗುವ ಆ ವಿಶಾಲ ಬಯಲಿನಲ್ಲಿ ಎದೆಯೆತ್ತರದ ಹುಲ್ಲು, ಹುಲ್ಲಿನ ನಡುವೆ ಅಲ್ಲೊಂದು ಇಲ್ಲೊಂದು ಮರ. ಓದಿದವರು ಅದನ್ನು ಸವನ್ನಾ ಎನ್ನುತ್ತಿದ್ದರು, ಓದದವರು ಬಯಲು ಎನ್ನುತ್ತಿದ್ದರು, ದನಗಳು ಏನೂ ಅನ್ನದೆ ಮೇಯುತ್ತಿದ್ದವು. ಬಯಲಿನ ಅಂಚಿಗೆ ಹಂಚಿನ ಮಾಡಿನ ಒಂದು ಸಂಶೋಧನಾ ಕೇಂದ್ರ. ಇಪ್ಪತ್ಮೂರು ವರ್ಷದ ಹಿಂದೆ ಅದರ ಗೇಟಿನೆದುರು ತಟ್ಟಕ್ಕ ಕಲ್ಲಂಗಡಿ ಮಾರುತ್ತಿದ್ದಳು. ಹಣ್ಣನ್ನು ಬೆರಳಿನಿಂದ ಒಮ್ಮೆ ತಟ್ಟಿ ‘ಇದು ಕಾಯಿ, ಇದು ಹಣ್ಣು, ಇದು ನಿಮ್ಮಂಥವರಿಗೆ’ ಎಂದು ಮೂರು ರಾಶಿ ಮಾಡುತ್ತಿದ್ದಳು. ಆಗಿನ ದೊಡ್ಡ ಸಾಹೇಬರು ಹತ್ತು ಹಣ್ಣು ಕೊಯ್ಯಿಸಿ ನೋಡಿದರು, ಹತ್ತೂ ಅವಳು ಹೇಳಿದಂತೆಯೇ ಇದ್ದವು. ಮಾರನೆಯ ದಿನ ಅವಳ ಕೈಗೆ ಒಂದು ಮರದ ಕೊಡತಿ ಕೊಟ್ಟು ಬಯಲಿಗೆ ಕರೆದುಕೊಂಡು ಹೋದರು. ‘ಯಾವ ಮರದ ಹೊಟ್ಟೇನ ಗೆದ್ದಲು ತಿಂದಿದೆ ಹೇಳು.’ ಗಟ್ಟಿ ಮರ ಟಣ್ ಎಂದಿತು, ಟೊಳ್ಳು ಮರ ಡೊಬ್ ಎಂದಿತು. ಕಲ್ಲಂಗಡಿಗಿಂತ ಸುಲಭ. ಮರಕ್ಕೆ ಚೌಕಾಸಿ ಬುದ್ಧಿಯೂ ಇರಲಿಲ್ಲ.

ಹೀಗೆ ಬೀದಿಬದಿಯ ಹಣ್ಣಿನವಳು ವಿಜ್ಞಾನದ ಸೇನೆಗೆ ಸೇರಿದಳು. ಬಯಲಿನ ಒಂದು ಮೂಲೆಯ ಒಂದು ಸಾವಿರದ ನಾನೂರು ಮರಗಳಿಗೆ ಮೊಣಕಾಲೆತ್ತರದಲ್ಲಿ ಮೊಳೆ ಹೊಡೆದು, ನಂಬರು ಕೆತ್ತಿದ ತೆಳ್ಳನೆಯ ಅಲ್ಯೂಮಿನಿಯಂ ಬಿಲ್ಲೆ ತೂಗುಹಾಕಲಾಯಿತು. ಪ್ರತಿವರ್ಷ ಒಣಗಾಲದ ಕೊನೆಗೆ ಆ ಜಾಗಕ್ಕೆ ಬೆಂಕಿ ಹಾಕುವುದು, ಆಮೇಲೆ ತಟ್ಟಕ್ಕ ಹೋಗಿ ಯಾವ ಬಿಲ್ಲೆಯ ಮರ ಬದುಕಿದೆ, ಯಾವುದು ಸತ್ತಿದೆ ಎಂದು ಬರೆಯುವುದು. ಬಿಲ್ಲೆಯಿದ್ದ ಮರ ಸತ್ತರೆ ಅದಕ್ಕೊಂದು ಸಾಲು, ಒಂದು ತಾರೀಖು, ಒಂದು ಸಹಿ. ಬಿಲ್ಲೆಯಿಲ್ಲದ ಮರ ಸತ್ತರೆ ಅದು ಹುಟ್ಟೇ ಇರಲಿಲ್ಲ.

ಗೆದ್ದಲಿನ ಮೇಲೆ ತಟ್ಟಕ್ಕನಿಗೆ ದ್ವೇಷವಿರಲಿಲ್ಲ. ಅದೇನು ಕುಣಿಯುತ್ತಾ ತಿನ್ನುತ್ತದೆಯೇ? ಬೇರಿನಿಂದ ಒಳಗೆ ನುಗ್ಗಿ, ಸತ್ತ ತಿರುಳನ್ನಷ್ಟೇ ನೀಟಾಗಿ ತೆಗೆದು, ಮರವನ್ನು ಕೊಳವೆ ಮಾಡಿ, ಹೊರಗಿನ ಜೀವಂತ ಕವಚವನ್ನು ಮುಟ್ಟದೆ ಬಿಡುತ್ತದೆ. ಅಂಥ ಟೊಳ್ಳು ಮರ ನೂರು ವರ್ಷ ಚಿಗುರುತ್ತಾ ನಿಲ್ಲಬಲ್ಲದು. ಬೆಂಕಿಯೂ ಅಷ್ಟೇ. ದಪ್ಪ ತೊಗಟೆಯ ಗಟ್ಟಿ ಮರದ ಕಾಲಿಗೆ ಸವರಿ ಮುಂದೆ ಹೋಗುತ್ತದೆ. ಇವೆರಡು ಬೇರೆಬೇರೆ ಬಂದರೆ ಮರ ತಾಳಿಕೊಳ್ಳುತ್ತದೆ. ಜೊತೆಯಾಗಿ ಬಂದವೋ, ಬುಡದ ತೂತಿನಿಂದ ಬೆಂಕಿ ಒಳಹೊಕ್ಕು, ಗೆದ್ದಲು ಕೊರೆದಿಟ್ಟ ಕೊಳವೆಯಲ್ಲಿ ಏರಿ, ಮುರಿದ ಕೊಂಬೆಯ ಬಾಯಿಂದ ಕಾರ್ಖಾನೆಯ ಚಿಮಣಿಯಂತೆ ಹೊಗೆ ಬಿಡತೊಡಗುತ್ತದೆ. ಹೊರಗೆ ಹಸಿರು ಎಲೆ, ಒಳಗೆ ಕೆಂಡ. ಮೂರನೆಯ ದಿನವೋ ಐದನೆಯ ದಿನವೋ ಮರ ಧೊಪ್ಪನೆ ಉರುಳುತ್ತದೆ. ಬೆಂಕಿಯಲ್ಲೂ ಎರಡು ಬಗೆ. ಮಳೆ ನಿಂತ ಹೊಸದರಲ್ಲಿ ಹಾಕಿದ ಬೆಂಕಿ ಹಸಿ ಹುಲ್ಲಿನಲ್ಲಿ ಕೆಮ್ಮುತ್ತಾ ತೆವಳಿ ಸಂಜೆಯ ಇಬ್ಬನಿಗೆ ಸತ್ತುಹೋಗುತ್ತದೆ. ಒಣಗಾಲದ ಕೊನೆಯದು ಹಾಗಲ್ಲ, ಮರದ ತಲೆಯ ಮೇಲೆ ಕಾಲಿಟ್ಟು ಹೋಗುತ್ತದೆ.

ಇದೆಲ್ಲ ತಟ್ಟಕ್ಕನಿಗೆ ಗೊತ್ತಿತ್ತು. ಓದಿದವರಿಗೂ ಗೊತ್ತಿರುತ್ತದೆ ಎಂದುಕೊಂಡಿದ್ದಳು. ಅದು ಅವಳ ಮೊದಲನೆಯ ತಪ್ಪು.

ಎರಡನೆಯ ತಪ್ಪು ಪೊರಕೆ. ಹದಿನೆಂಟು ವರ್ಷದ ಹಿಂದೆ ಒಂದು ಬೆಂಕಿಯಲ್ಲಿ ನಲವತ್ತು ಬಿಲ್ಲೆಗಳು ಕರಗಿ ಮೊಳೆಯಿಂದ ಕಣ್ಣೀರಿನಂತೆ ಇಳಿದುಬಿಟ್ಟವು. ಉಗ್ರಾಣದ ಗುಮಾಸ್ತ ಅಂಗಳದಲ್ಲಿ ಎಲ್ಲರೆದುರು ಕೂಗಾಡಿದ್ದ. ‘ಮರ ಹೋದ್ರೆ ಹೋಗ್ಲಿ, ಬಿಲ್ಲೆ ಎಲ್ಲಮ್ಮಾ? ಬಿಲ್ಲೆಗೆ ಯಾರು ಜವಾಬ್ದಾರಿ?’ ತಟ್ಟಕ್ಕ ಬೈಸಿಕೊಳ್ಳುವ ಜಾತಿಯಲ್ಲ, ಬೈಯುವ ಜಾತಿ. ಆ ಅವಮಾನ ಜೀರ್ಣವಾಗಲಿಲ್ಲ. ಮುಂದಿನ ವರ್ಷ ಬೆಂಕಿಯ ಹಿಂದಿನ ದಿನ ಕುಡುಗೋಲು, ಪೊರಕೆ ಹಿಡಿದು ಹೋದವಳು ಬಿಲ್ಲೆಯಿದ್ದ ಪ್ರತಿ ಮರದ ಬುಡದಲ್ಲಿ ಎರಡು ಮಾರಗಲ ಹುಲ್ಲು ಕೊಯ್ದು, ಅಡಿಗೆಮನೆಯಂತೆ ಗುಡಿಸಿಟ್ಟಳು. ಒಂದೂ ಬಿಲ್ಲೆ ಕರಗಲಿಲ್ಲ. ಗುಮಾಸ್ತ ಬೆನ್ನು ತಟ್ಟಿದ. ಅಲ್ಲಿಂದಾಚೆಗೆ ಅದೇ ಪದ್ಧತಿಯಾಯಿತು. ಬೆಂಕಿ ಪಡೆಯ ಎಂಟು ಆಳುಗಳು ಅವಳ ಹಿಂದೆ ಎಂಟು ಪೊರಕೆ ಹಿಡಿದು ಕಾಡಿನ ಕಸ ಗುಡಿಸುತ್ತಿದ್ದರು. ಯಾವ ಕಾಗದದಲ್ಲೂ ಬರೆಯದ, ಯಾವ ಸಾಹೇಬರೂ ಕೇಳದ, ಎಲ್ಲರೂ ಪಾಲಿಸುವ ಪದ್ಧತಿ. ಆಫೀಸುಗಳಲ್ಲಿ ಇಂಥದ್ದೇ ಹೆಚ್ಚು ದಿನ ಬಾಳುವುದು.

ಆ ವರ್ಷದ ಒಣಗಾಲ ಮುಗಿಯುತ್ತಾ ಬಂದಾಗ, ಒಂದು ಸೋಮವಾರ ಸಂಜೆ, ನಾದಿನಿ ಚಹಾ ಲೋಟ ಹಿಡಿದು ಅಡಿಗೆಮನೆಯ ಹೊಸ್ತಿಲ ಮೇಲೆ ಕೂತಳು. ಗಂಡನ ತಂಗಿಯಾದ ಅವಳು ಅದೇ ಕೇಂದ್ರದ ಟೈಪಿಸ್ಟು. ಆಫೀಸಿನ ಗುಟ್ಟುಗಳೆಲ್ಲ ಮೊದಲು ಅವಳ ಬೆರಳಿನಿಂದಲೇ ಹೊರಡುತ್ತಿದ್ದುದರಿಂದ ಅವಳಿಗೆ ಸಾಹೇಬರುಗಳ ಮೇಲೆ ತಾಯಿಗಿರುವಂಥ ತಾತ್ಸಾರ.

‘ಅತ್ತಿಗೆ, ನಿಮ್ಮ ಬಯಲಿಗೆ ಇನ್ನು ಹಬ್ಬ. ಬೆಂಕಿ ಸಾಹೇಬ್ರು ರಿಪೋರ್ಟು ಮುಗಿಸಿದ್ರು. ಟೊಳ್ಳು ಮರ ಆದ್ರೂ ಅಷ್ಟೇ, ಗಟ್ಟಿ ಮರ ಆದ್ರೂ ಅಷ್ಟೇ, ಒಣಗಾಲದ ಕೊನೇಲಿ ಬೆಂಕಿ ಹಾಕಿದ್ರೆ ಏನೂ ಆಗಲ್ವಂತೆ. ನೂರಕ್ಕೆ ತೊಂಬತ್ತಾರು ಮರ ಬದುಕ್ತಾವಂತೆ.’

‘ಯಾವ ಮುಠ್ಠಾಳ ಹೇಳಿದ್ದು?’

‘ನೀವೇ. ಹದಿನೇಳು ವರ್ಷದ ಫಾರಂ ಮೇಲೂ ನಿಮ್ಮದೇ ಸಹಿ. ಅದಕ್ಕೇ ಬರೋ ವಾರ ಬುಧವಾರದಿಂದ ಇಡೀ ಬಯಲಿಗೆ, ಹನ್ನೆರಡು ಸಾವಿರ ಎಕರೆಗೆ ಬೆಂಕಿ, ಹೊಸ ಹುಲ್ಲು ಚಿಗುರ್ಲಿ ಅಂತ. ಇನ್ನು ಪ್ರತಿವರ್ಷ ಇದೇ ಹೊತ್ತಿಗೆ. ಮಳೆ ನಿಂತ ಹೊಸದ್ರಲ್ಲಿ ಸಾಹೇಬ್ರುಗಳಿಗೆ ಮೀಟಿಂಗು ಜಾಸ್ತಿ ಅಲ್ವಾ, ಪುರಸೊತ್ತಿಲ್ಲ.’

‘ಸುಳ್ಳು ಕಣೇ! ಕಣ್ಣಾರೆ ನೋಡೀನಿ. ಬೆಂಕಿ ಆದ ವಾರಕ್ಕೆ ಟೊಳ್ಳು ಮರಗಳು ಕುಡುಕರ ಹಾಗೆ ಬಿದ್ದಿರ್ತಾವೆ!’

‘ಬಿಲ್ಲೆ ಇರೋವಾ?’

‘ಬಿಲ್ಲೆ ಇಲ್ಲದವು.’

‘ಅದ್ಯಾಕತ್ತಿಗೆ? ಬಿಲ್ಲೆ ಇದ್ರೆ ಮರ ಸಾಯಲ್ಲ, ಇಲ್ದಿದ್ರೆ ಸಾಯ್ತದಾ? ಹಂಗಾದ್ರೆ ನಮ್ಮಣ್ಣಂಗೂ ಒಂದು ಬಿಲ್ಲೆ ಹೊಡೀರಿ, ಗಟ್ಟಿಯಾಗಿರ್ಲಿ.’

ತಟ್ಟಕ್ಕ ಬಾಯಿ ತೆರೆದಳು. ಮಾತು ಬರಲಿಲ್ಲ. ಒಳಗಿನ ಕೋಣೆಯಲ್ಲಿ ಕಾರ್ಬುರೇಟರ್ ಒರೆಸುತ್ತಿದ್ದ ಗಂಡ ಕೈಯಲ್ಲಿದ್ದ ಬಟ್ಟೆ ಬಿಸಾಡಿ ಓಡಿಬಂದ. ಮೂವತ್ತು ವರ್ಷದಲ್ಲಿ ಆ ಎಂಜಿನ್ನು ನಿಂತದ್ದು ಅದೇ ಮೊದಲು.

‘ಏನಾಯ್ತೇ?’

‘ನಾನು ಗುಡಿಸಿಬಿಟ್ಟೆ’ ಎಂದಳು ತಟ್ಟಕ್ಕ. ‘ಬಿಲ್ಲೆ ಉಳೀಲಿ ಅಂತ ಗುಡಿಸಿದೆ. ಬುಡದಲ್ಲಿ ಹುಲ್ಲೇ ಇಲ್ಲ, ಬೆಂಕಿ ಹತ್ರಕ್ಕೇ ಬರಲಿಲ್ಲ. ಹದಿನೇಳು ವರ್ಷ ಬೆಂಕಿಗೆ ಬಾಗಿಲು ಹಾಕಿ, ಬೆಂಕಿಯಿಂದ ಏನೂ ಆಗಲಿಲ್ಲ ಅಂತ ಸಹಿ ಹಾಕಿದೀನಿ.’

ಆಮೇಲೆ ಎಂಜಿನ್ನು ಮತ್ತೆ ಶುರುವಾಯಿತು. ಅಂಥ ಸಿಟ್ಟನ್ನು ಆ ಮನೆಯ ಪಾತ್ರೆಗಳು ಹಿಂದೆಂದೂ ಕಂಡಿರಲಿಲ್ಲ. ಗುಮಾಸ್ತನನ್ನು ಬೈದಳು, ಬಿಲ್ಲೆ ಕಂಡುಹಿಡಿದವನನ್ನು ಬೈದಳು, ಹದಿನೇಳು ವರ್ಷ ಒಂದು ಸಲವೂ ಬೆಂಕಿಯ ಹಿಂದಿನ ದಿನ ಬಯಲಿಗೆ ಬಂದು ನೋಡದ ಸಾಹೇಬರುಗಳನ್ನು ಸಾಲಾಗಿ ನಿಲ್ಲಿಸಿ ಬೈದಳು. ಎಲ್ಲರೂ ಮುಗಿದ ಮೇಲೆ, ಉಳಿದವಳು ಒಬ್ಬಳೇ ಎಂದು ಗೊತ್ತಾಗಿ, ತನ್ನನ್ನು ಬೈದುಕೊಳ್ಳತೊಡಗಿದಳು. ಅದು ಎಲ್ಲಕ್ಕಿಂತ ಕೆಟ್ಟದಾಗಿತ್ತು. ನಾದಿನಿ ಲೋಟ ತೊಳೆದಿಟ್ಟು ಜಾರಿಕೊಂಡಳು.

ಮಾರನೆಯ ಬೆಳಿಗ್ಗೆ ಸಂಶೋಧನಾ ಕೇಂದ್ರದ ಮೇಲೆ ದಂಡಯಾತ್ರೆ. ಆಯುಧ: ಒಂದು ಕೊಡತಿ. ವಾಹನ: ಚೈನು ಕಳಚುವ ಸೈಕಲ್ಲು. ಕೇಂದ್ರದ ಓಣಿಯಲ್ಲಿ ಎಡಕ್ಕೆ ಬೆಂಕಿಯ ಬಗ್ಗೆ ಸಂಶೋಧನೆ ಮಾಡುವ ಬೆಂಕಿ ಸಾಹೇಬರ ಕೋಣೆ, ಬಲಕ್ಕೆ ಗೆದ್ದಲಿನ ಬಗ್ಗೆ ಮಾಡುವ ಗೆದ್ದಲು ಮೇಡಂ ಕೋಣೆ. ನಡುವೆ ಒಂದು ನೀರಿನ ಹೂಜಿ. ಎರಡೂ ರಾಜ್ಯಗಳ ಗಡಿ ಆ ಹೂಜಿಯೇ. ಮರ ಸತ್ತರೆ ಸಾಹೇಬರು ‘ಗೆದ್ದಲು’ ಎನ್ನುತ್ತಿದ್ದರು, ಮೇಡಂ ‘ಬೆಂಕಿ’ ಎನ್ನುತ್ತಿದ್ದರು. ಫಾರಮ್ಮಿನಲ್ಲಿ ಸಾವಿನ ಕಾರಣಕ್ಕೆ ಇದ್ದದ್ದು ಒಂದೇ ಚೌಕ, ಅದರಲ್ಲಿ ಒಂದೇ ಪದ ಹಿಡಿಸುತ್ತಿತ್ತು. ಹನ್ನೊಂದು ವರ್ಷದಿಂದ ಇಬ್ಬರೂ ಒಂದೇ ಹೂಜಿಯ ನೀರು ಕುಡಿದು ಮಾತು ಬಿಟ್ಟಿದ್ದರು.

ತಟ್ಟಕ್ಕ ಎಲ್ಲವನ್ನೂ ಹೇಳಿದಳು. ಬೆಂಕಿ ಸಾಹೇಬರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

‘ನೋಡಮ್ಮಾ, ಒಂದು ಪೊರಕೆಯಿಂದ ಹದಿನೇಳು ವರ್ಷದ ವಿಜ್ಞಾನ ಸುಳ್ಳಾಗುತ್ತಾ? ನೀನು ಗುಡಿಸಿಲ್ಲ. ಗುಡಿಸೇ ಇಲ್ಲ ಅಂತ ಒಂದು ಸಾಲು ಬರೆದುಕೊಡು. ನಾನೂ ಮರೀತೀನಿ, ನೀನೂ ಮರಿ.’

‘ಸಾರ್, ಇಪ್ಪತ್ಮೂರು ವರ್ಷ ನನ್ನ ಮಾತು ನಂಬಿ ಟೊಳ್ಳು ಅಂದ್ರೆ ಟೊಳ್ಳು ಅಂತ ಬರ್ಕೊಂಡ್ರಿ. ಇವತ್ತು ನನ್ನ ಕೈಲೇ ಸುಳ್ಳು ಬರೆಸ್ತೀರಾ? ಬರೋ ವಾರ ಆ ಬಯಲಿಗೆ ಬೆಂಕಿ ಬಿದ್ರೆ ಅಲ್ಲಿ ಗುಡಿಸೋಕೆ ನಿಮ್ಮಪ್ಪ ಬರ್ತಾರಾ?’

ಓಣಿಯಲ್ಲಿ ಟೈಪು ಮಾಡುವ ಸದ್ದು ನಿಂತಿತು. ಬಲಗಡೆಯ ಬಾಗಿಲು ತೆರೆಯಿತು. ಹನ್ನೊಂದು ವರ್ಷದ ಮೇಲೆ ಗೆದ್ದಲು ಮೇಡಂ ಹೂಜಿ ದಾಟಿ ಎಡರಾಜ್ಯಕ್ಕೆ ಕಾಲಿಟ್ಟರು. ಅವರ ಮುಖದಲ್ಲಿ ಲಾಟರಿ ಹೊಡೆದ ಕಳೆ.

‘ನಾನು ಹೇಳಿರ್ಲಿಲ್ವಾ? ಮರ ಕೊಲ್ಲೋದು ಬೆಂಕಿ! ಪಾಪ ನನ್ನ ಗೆದ್ದಲು ಏನು ಮಾಡ್ತು?’

‘ಏನು ಮಾಡ್ತಾ? ಗಟ್ಟಿ ಮರ ಯಾಕೆ ಬೀಳಲ್ಲ ಹಂಗಾದ್ರೆ? ಕೊಂದಿದ್ದು ನಿಮ್ಮ ಹುಳ!’ ಎಂದು ಸಾಹೇಬರು ಎದ್ದುನಿಂತರು.

‘ಇಬ್ಬರೂ ಬಾಯಿ ಮುಚ್ಚಿ!’ ತಟ್ಟಕ್ಕ ಕೊಡತಿಯಿಂದ ಮೇಜನ್ನು ತಟ್ಟಿದಳು. ಮೇಜು ಡೊಬ್ ಎಂದಿತು. ಮೇಡಂ ಕಣ್ಣು ಅರಳಿದ್ದನ್ನು ಗಮನಿಸುವ ಸ್ಥಿತಿಯಲ್ಲಿ ಅವಳಿರಲಿಲ್ಲ. ‘ಒಬ್ಬ ಕನ್ನ ಕೊರೀತಾನೆ, ಇನ್ನೊಬ್ಬ ಕನ್ನದೊಳಗೆ ಬಂದು ಮನೆ ಸುಡ್ತಾನೆ. ನೀವು ಆ ಕಳ್ಳನೋ ಈ ಕಳ್ಳನೋ ಅಂತ ಹನ್ನೊಂದು ವರ್ಷದಿಂದ ಪಂಚಾಯ್ತಿ ಮಾಡ್ತಾ ಕೂತಿದೀರಿ. ಮನೆ ಸುಟ್ಟುಹೋಗ್ತಾ ಇದೆ ಕಣ್ರೀ!’

ಸಾಹೇಬರಿಗೆ ಈಗ ಮಾನದ ಪ್ರಶ್ನೆ ಬಂತು, ಅದೂ ಬಲರಾಜ್ಯದ ಸಮಕ್ಷಮದಲ್ಲಿ. ‘ಆಯ್ತು. ಗುರುವಾರ ಬಿಲ್ಲೆ ಮರಗಳ ಜಾಗಕ್ಕೆ ಬೆಂಕಿ ಇದೆ ತಾನೆ? ಗುಡಿಸಬೇಡಿ. ಏನೂ ಆಗಲ್ಲ, ನೋಡ್ತಾ ಇರಿ.’

‘ಅರ್ಧ ಗುಡಿಸಿ, ಅರ್ಧ ಬಿಡಿ’ ಎಂದರು ಮೇಡಂ. ‘ಆಗ ಯಾರೂ ತಪ್ಪಿಸಿಕೊಳ್ಳೋ ಹಾಗಿಲ್ಲ. ಟೊಳ್ಳು ಮರ ಅರವತ್ನಾಲ್ಕು ಇದೆ. ಮೂವತ್ತೆರಡು ಸಮ ನಂಬರು, ಮೂವತ್ತೆರಡು ಬೆಸ.’ ನಾಣ್ಯ ಚಿಮ್ಮಿದರು. ಸಮ ನಂಬರಿಗೆ ಪೊರಕೆ, ಬೆಸ ನಂಬರಿಗೆ ಬೆಂಕಿ ಎಂದಾಯಿತು. ಐದು ಮರಕ್ಕಿಂತ ಹೆಚ್ಚು ಬಿದ್ದರೆ ಬಯಲಿನ ಆದೇಶ ವಾಪಸ್ಸು ಎಂದು ಸಾಹೇಬರು ಎದೆ ತಟ್ಟಿಕೊಂಡರು.

ತಟ್ಟಕ್ಕ ಕೊಡತಿ ಎತ್ತಿಕೊಂಡು ಹೊರಗೆ ನಡೆದಳು. ಅವಳು ಇಪ್ಪತ್ಮೂರು ವರ್ಷದಿಂದ ಬುತ್ತಿ ಬಿಚ್ಚುತ್ತಿದ್ದದ್ದು ನೂರ ಹದಿಮೂರನೇ ನಂಬರಿನ ಮರದ ಕೆಳಗೆ. ಅದು ಬುಡದಿಂದ ನೆತ್ತಿಯವರೆಗೆ ಟೊಳ್ಳು.

ಮಾರನೆಯ ದಿನ ಬುಧವಾರ ಪೊರಕೆ ಸೇನೆ ಬಯಲಿಗಿಳಿಯಿತು. ಗಟ್ಟಿ ಮರಗಳನ್ನೆಲ್ಲ ಎಂದಿನಂತೆ ಗುಡಿಸಿದರು. ಟೊಳ್ಳು ಮರಗಳಲ್ಲಿ ಸಮ ಬಂದರೆ ಗುಡಿಸು, ಬೆಸ ಬಂದರೆ ಬಿಡು. ಆಳುಗಳಿಗೆ ಇದು ಮಕ್ಕಳಾಟದಂತೆ ಕಂಡಿತು. ‘ನೂರಾ ನಾಲ್ಕು ಪಾಸು! ನೂರಾ ಏಳು ಫೇಲು!’ ಎಂದು ಕೂಗುತ್ತಿದ್ದರು. ತಟ್ಟಕ್ಕ ಗದರಿದ ಗದರಿಕೆಗೆ ಆಮೇಲೆ ಸಂಜೆಯವರೆಗೆ ಯಾರೂ ಕೆಮ್ಮಲಿಲ್ಲ.

ನೂರ ಹದಿಮೂರರ ಹತ್ತಿರ ಬಂದಾಗ ಅವಳೊಬ್ಬಳೇ ಇದ್ದಳು. ಕೈ ತಾನಾಗಿಯೇ ಬಗ್ಗಿತು. ನಾಲ್ಕು ಹಿಡಿ ಹುಲ್ಲು ಕೊಯ್ದು ಆಚೆ ಎಸೆದ ಮೇಲೆ ಎಚ್ಚರವಾಯಿತು. ಯಾರು ನೋಡುತ್ತಾರೆ? ಮೂವತ್ತೆರಡರಲ್ಲಿ ಒಂದು ತಾನೆ? ಹದಿನೇಳು ವರ್ಷ ಎಲ್ಲವನ್ನೂ ಗುಡಿಸಿದಾಗಲೂ ಯಾರೂ ನೋಡಿರಲಿಲ್ಲ. ಆ ಯೋಚನೆ ಬಂದದ್ದೇ ತಡ, ಅವಳಿಗೆ ಎಂಥ ಸಿಟ್ಟು ಬಂತೆಂದರೆ, ಎಸೆದ ಹುಲ್ಲನ್ನು ಕಡ್ಡಿ ಕಡ್ಡಿಯಾಗಿ ಹುಡುಕಿ ತಂದು ಬುಡಕ್ಕೆ ವಾಪಸ್ಸು ಒತ್ತಿದಳು. ‘ಸಾಯಿ’ ಎಂದು ಮರಕ್ಕೆ ಬೈದಳು. ‘ನಿನಗೆ ಸಮ ನಂಬರು ಸಿಗಲಿಲ್ವಾ, ದರಿದ್ರದ್ದೇ? ಪಕ್ಕದ ಮೊಳೆಗೆ ನೂರ ಹದಿನಾಲ್ಕು ತೂಗ್ತಾ ಇತ್ತು, ಆವತ್ತು ಸ್ವಲ್ಪ ಆಚೆ ಹುಟ್ಟೋಕಾಗಲಿಲ್ವಾ?’ ಬೈದು ಮುಗಿಸಿ ಸೈಕಲ್ಲು ಹತ್ತಿದವಳು ತಿರುಗಿ ನೋಡಲಿಲ್ಲ.

ಗುರುವಾರದ ಬೆಂಕಿಗೆ ಬರಿಯ ಮೂರು ಗಂಟೆ ಸಾಕಾಯಿತು. ಹುಲ್ಲು ಕಾಗದದಂತೆ ಉರಿಯಿತು. ಸಂಜೆ ಕಪ್ಪುನೆಲದ ಮೇಲೆ ಮರಗಳೆಲ್ಲ ನೆಟ್ಟಗೆ ನಿಂತಿದ್ದವು. ಬೆಂಕಿ ಸಾಹೇಬರು ಜೀಪಿನಿಂದ ಇಳಿಯದೆಯೇ ನೋಡಿ, ‘ಏನಮ್ಮಾ, ಎಲ್ಲಾ ನಿಂತೇ ಇದಾವಲ್ಲ?’ ಎಂದು ನಕ್ಕು ಹೋದರು. ಹನ್ನೆರಡು ಸಾವಿರ ಎಕರೆಗೆ ಬೇಕಾದ ಡೀಸೆಲ್ ಪೀಪಾಯಿಗಳು ಆಗಲೇ ಅಂಗಳಕ್ಕೆ ಬಂದಿಳಿದಿದ್ದವು. ತಟ್ಟಕ್ಕ ಮಾತ್ರ ಬೂದಿಯ ನಡುವೆ ನಿಂತು ತಲೆಯೆತ್ತಿ, ಯಾವ ಕೊಂಬೆಯ ತೂತಿನಿಂದ ಹೊಗೆ ಏಳುತ್ತಿದೆ ಎಂದು ಎಣಿಸುತ್ತಿದ್ದಳು.

ಶನಿವಾರ ನಾಲ್ಕು ಬಿದ್ದವು. ಭಾನುವಾರ ಮತ್ತೆ ಒಂದು. ಒಟ್ಟು ಐದು. ಸಾಹೇಬರು ‘ಐದಕ್ಕಿಂತ ಹೆಚ್ಚು ಅಂದಿದ್ದೆ’ ಎಂದು ಫೋನಿನಲ್ಲೇ ನೆನಪಿಸಿದರು. ಸೋಮವಾರ ಒಂದೂ ಬೀಳಲಿಲ್ಲ. ಆ ದಿನ ತಟ್ಟಕ್ಕ, ಮರ ಬೀಳಲಿ ಎಂದು ಕಾಯುವ ಸ್ಥಿತಿಗೆ ತನ್ನನ್ನು ತಂದ ಎಲ್ಲರಿಗೂ ಹಿಡಿಶಾಪ ಹಾಕುತ್ತಾ ಬಯಲು ಸುತ್ತಿದಳು. ಮಂಗಳವಾರ ಬೆಳಿಗ್ಗೆ ಗಾಳಿ ಎದ್ದಿತು. ಅವಳು ಹೋಗಿ ನೋಡುವಷ್ಟರಲ್ಲಿ ಹನ್ನೆರಡು ಮರ ಅಡ್ಡಬಿದ್ದಿದ್ದವು. ಎಲ್ಲವೂ ಬೆಸ. ಒಳಗೆ ಕೆಂಪಗೆ ಹೊಳೆಯುವ ಕೊಳವೆಗಳು, ಹೊರಗೆ ಇನ್ನೂ ಬಾಡದ ಎಲೆಗಳು. ನೂರ ಹದಿಮೂರು ನಿಂತಿತ್ತು.

ನಾದಿನಿ ಸುದ್ದಿ ಮುಟ್ಟಿಸಿದಳು. ಸಾಹೇಬರು ಬಂದರು, ಈ ಸಲ ಜೀಪಿನಿಂದ ಇಳಿದರು. ಬೂದಿಗೆ ಬೂಟು ಹೊಸದು. ಉರುಳಿದ ಮರಗಳನ್ನು ನೋಡಿ ಅವರ ಮುಖ ಇಳಿದರೂ ಬಾಯಿ ಇಳಿಯಲಿಲ್ಲ.

‘ಗಾಳಿಗೆ ಬಿದ್ದಿವೆ. ಗೆದ್ದಲು ತಿಂದ ಮರ ಗಾಳಿಗೆ ಬೀಳಲ್ವಾ? ಇದೊಂದು ನೋಡು, ಹೇಗೆ ನಿಂತಿದೆ, ಹಚ್ಚಗೆ. ಇದೂ ಬೆಸ ತಾನೆ?’

ಅವರು ತೋರಿಸಿದ್ದು ನೂರ ಹದಿಮೂರನ್ನು.

ತಟ್ಟಕ್ಕ ಸಾಹೇಬರ ಮುಂಗೈ ಹಿಡಿದಳು. ಮೇಲಧಿಕಾರಿಯನ್ನು ಹಾಗೆ ಹಿಡಿಯಬಾರದು ಎಂದು ಇಬ್ಬರಿಗೂ ಗೊತ್ತಿತ್ತು. ಎಳೆದುಕೊಂಡು ಹೋಗಿ ಅಂಗೈಯನ್ನು ಮರದ ಮೈಗೆ ಒತ್ತಿದಳು. ತೊಗಟೆ ತಣ್ಣಗಿರುತ್ತದೆಂದು ನಂಬಿದ್ದ ಸಾಹೇಬರು ಎರಡು ಉಸಿರಿನಷ್ಟು ಹೊತ್ತು ಸುಮ್ಮನಿದ್ದರು. ಮೂರನೆಯ ಉಸಿರಿಗೆ ‘ಅಯ್ಯೋ!’ ಎಂದು ಕೈ ಕಿತ್ತುಕೊಂಡರು. ಒಲೆಯ ಮೇಲಿನ ಪಾತ್ರೆಯ ಬಿಸಿ.

‘ಆರನೇ ದಿನ ಸಾರ್ ಇವತ್ತು’ ಎಂದಳು. ಅವಳ ದನಿ ಏರಲಿಲ್ಲ, ಅದಕ್ಕೇ ಸಾಹೇಬರು ಒಂದು ಹೆಜ್ಜೆ ಹಿಂದೆ ಸರಿದರು. ‘ಎಲೆಗೆ ಗೊತ್ತಿಲ್ಲ, ತಾನು ಸತ್ತಿದೀನಿ ಅಂತ. ನಿಮಗಾದ್ರೂ ಗೊತ್ತಾಗ್ಲಿ. ಇಂಥವು ಆ ಬಯಲಲ್ಲಿ ಎಷ್ಟಿವೆ? ಬಿಲ್ಲೆ ಇಲ್ಲ, ಅದಕ್ಕೇ ಲೆಕ್ಕಾನೂ ಇಲ್ಲ. ಫೋನು ತೆಗೀರಿ.’

‘ಆಫೀಸಿಗೆ ಹೋಗಿ ಮಾಡ್ತೀನಿ...’

‘ಈಗ. ಇಲ್ಲೇ. ಮಾಡದೆ ಜೀಪು ಹತ್ತಿದ್ರೆ ಟೈರಿನ ಗಾಳಿ ಬಿಡ್ತೀನಿ. ನನ್ನ ಗಂಡ ಮೆಕ್ಯಾನಿಕ್ಕು. ತುಂಬಿಕೊಡ್ಬೇಡ ಅಂತ್ಲೂ ಹೇಳ್ತೀನಿ.’

ಸಾಹೇಬರು ಸುಟ್ಟ ಅಂಗೈ ಊದಿಕೊಳ್ಳುತ್ತಾ ಇನ್ನೊಂದು ಕೈಯಲ್ಲಿ ಫೋನು ಹಚ್ಚಿದರು. ಬೆಂಕಿ ಪಡೆಯ ಮೇಸ್ತ್ರಿಯ ಗಂಟಲು ಆ ಕಡೆಯಿಂದ ತಟ್ಟಕ್ಕನಿಗೂ ಕೇಳುವಷ್ಟು ದೊಡ್ಡದು. ‘ನಾಳೆ ಬೆಂಕಿ ಇಲ್ಲ’ ಎಂದರು ಸಾಹೇಬರು. ‘ಪೀಪಾಯಿ ವಾಪಸ್ಸು ಕಳಿಸು. ಮುಂದಿನ ಸಲ ಮಳೆ ನಿಂತ ತಿಂಗಳಲ್ಲೇ, ಹುಲ್ಲು ಹಸಿ ಇರುವಾಗ.’

‘ಯಾಕ್ ಸಾರ್? ಯಾರು ಹೇಳಿದ್ರು?’

ಸಾಹೇಬರು ತಟ್ಟಕ್ಕನನ್ನು ನೋಡಿದರು. ಮರವನ್ನು ನೋಡಿದರು. ‘ಯಾರು ಹೇಳೋದು? ನಾನೇ ಪರಿಶೀಲನೆ ಮಾಡಿ ಹೇಳ್ತಾ ಇದೀನಿ’ ಎಂದರು.

ತಟ್ಟಕ್ಕ ಒಂದು ಬೈಗುಳ ಬೈದಳು. ಅಚ್ಚು ಹಾಕಲಾಗದ್ದು, ಕಲ್ಲಂಗಡಿ ಮಾರುವ ಕಾಲದ್ದು, ಮೇಸ್ತ್ರಿಗೂ ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸಿದ್ದು. ಸಾಹೇಬರು ಕೇಳಿಸದವರಂತೆ ಮಾತು ಮುಗಿಸಿದರು. ಅವಳು ಫಾರಂ ಬಿಚ್ಚಿ, ಸಾವಿನ ಕಾರಣದ ಚೌಕದ ಗೆರೆ ದಾಟಿ, ಹಾಳೆಯ ಅಂಚಿನವರೆಗೂ ‘ಗೆದ್ದಲು, ಬೆಂಕಿ, ಆಫೀಸು’ ಎಂದು ಬರೆದಳು. ನೋಡಬೇಕಾದ ಮರಗಳು ಇನ್ನೂ ಹನ್ನೊಂದಿದ್ದವು. ದಾರಿಯಲ್ಲಿ ಅಡ್ಡ ನಿಂತಿದ್ದ ಸಾಹೇಬರನ್ನು ‘ಸರೀರಿ ಆಚೆಗೆ’ ಎಂದು ಮೊಣಕೈಯಿಂದ ಸರಿಸಿ, ಬೂದಿಯಲ್ಲಿ ದಪ್ಪ ಹೆಜ್ಜೆ ಹಾಕುತ್ತಾ ಮುಂದಿನ ಮರದ ಕಡೆಗೆ ನಡೆದಳು.